ಕಾಣದ ಚಾಲಕನಿಗೆ ಕಣ್ಣೀರು

ಪುಣೆಯ ಚಿಂಚವಡದಲ್ಲಿರುವ ನನ್ನ ಸೋದರಮಾವನ ಮನೆಯಲ್ಲಿ ಮೇ 1 ಮಹಾರಾಷ್ಟ್ರ ದಿನದ ರಜೆಯಷ್ಟೇ ಅಲ್ಲ. ಧಾರವಾಡದಿಂದ ಬಂದು ವಾಹನ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ದುಡಿದ ಮಾಮಾ ಅಂದು ಸ್ನಾನ ಮುಗಿಸಿ, ಗೋಡೆಯ ಮೇಲಿನ ಹಳದಿ ಹೆಲ್ಮೆಟ್ಟಿನ ಚಿತ್ರದ ಧೂಳು ಒರೆಸಿ, ಚೌಕಟ್ಟಿಗೆ ಎರಡು ಮಲ್ಲಿಗೆ ಹೂ ಸಿಕ್ಕಿಸುತ್ತಾರೆ. ಚಿತ್ರದಲ್ಲಿ ಮುಖ ಕಾಣುವುದಿಲ್ಲ. ಹೆಲ್ಮೆಟ್ಟಿನ ಸೀಳಿನೊಳಗೆ ಎರಡು ಕಣ್ಣು ಮಾತ್ರ. ಅವು ಬ್ರೆಜಿಲ್‌ನ ಐರ್ಟನ್ ಸೆನ್ನಾನವು. ಫಾರ್ಮುಲಾ ಒನ್ ಕಾರ್ ರೇಸಿನಲ್ಲಿ ಮೂರು ಬಾರಿ ವಿಶ್ವ ಚಾಂಪಿಯನ್ ಆಗಿದ್ದ ಆತ 1994ರ ಮೇ 1ರಂದು ಇಟಲಿಯ ಇಮೋಲಾದಲ್ಲಿ, ತಂಬುರೆಲ್ಲೊ ಎಂಬ ತಿರುವಿನ ಗೋಡೆಗೆ ಕಾರು ಅಪ್ಪಳಿಸಿ ತೀರಿಕೊಂಡಾಗ ವಯಸ್ಸು 34. ಬ್ರೆಜಿಲ್ ಮೂರು ದಿನ ಶೋಕಾಚರಣೆ ಘೋಷಿಸಿತು. ಸಾವೊ ಪಾಲೊದ ಬೀದಿಗಳಲ್ಲಿ ಲಕ್ಷಾಂತರ ಜನ ಅಂತಿಮ ದರ್ಶನಕ್ಕೆ ನಿಂತರು.

ಅವನಿಗೆ ನೀವು ಯಾರೆಂದೇ ಗೊತ್ತಿರಲಿಲ್ಲವಲ್ಲ ಎಂದು ಒಮ್ಮೆ ಕೇಳಿದ್ದೆ. "ಅವಾ ನನ್ನ ನೋಡಿಲ್ಲ, ಖರೆ. ನಾ ಅವನ್ನ ನೋಡೇನಲ್ಲಪಾ?" ಎಂದರು.

ಈ ಒಮ್ಮುಖದ ಬಾಂಧವ್ಯವನ್ನು 1956ರಲ್ಲಿಯೇ ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ ಎಂಬ ಅಮೆರಿಕದ ವಿದ್ವಾಂಸರು ಟಿವಿ ಪ್ರೇಕ್ಷಕರಲ್ಲಿ ಗುರುತಿಸಿದ್ದರು. ಒಬ್ಬರ ದನಿ, ಹಾವಭಾವ, ಸೋಲು ಗೆಲುವುಗಳನ್ನು ವರ್ಷಗಟ್ಟಲೆ ಕಂಡಾಗ ಮಿದುಳು ಅವರನ್ನು ಪರಿಚಿತರ ಸಾಲಿಗೆ ಸೇರಿಸಿಬಿಡುತ್ತದೆ; ಆ ಪರಿಚಯ ಪರದೆಯ ಮೂಲಕ ಬಂದದ್ದೋ, ಪಡಸಾಲೆಯಲ್ಲಿ ಕುಳಿತು ಬೆಳೆದದ್ದೋ ಎಂಬ ಭೇದವನ್ನು ಅದು ಅಷ್ಟಾಗಿ ಎಣಿಸುವುದಿಲ್ಲ. ರೇಸಿನಲ್ಲಿ ಇದಕ್ಕೆ ಭಯವೂ ಬೆರೆಯುತ್ತದೆ. ಎದೆ ಹೊಡೆದುಕೊಳ್ಳುವ ಗಳಿಗೆಯಲ್ಲಿ ಸ್ರವಿಸುವ ಅಡ್ರಿನಲಿನ್, ಭಯದಂಥ ಭಾವನೆಗಳನ್ನು ನಿಭಾಯಿಸುವ ಮಿದುಳಿನ ಭಾಗವಾದ ಅಮಿಗ್ಡಾಲದ ಮೂಲಕ ಆ ಹೊತ್ತಿನ ನೆನಪನ್ನು ಗಟ್ಟಿಗೊಳಿಸುತ್ತದೆ. ಪ್ರತಿ ತಿರುವಿನಲ್ಲೂ ಉಸಿರು ಬಿಗಿಹಿಡಿಸಿದ ಚಾಲಕ ಮನಸ್ಸಿನಲ್ಲಿ ಬೇರೂರುವುದು ಇದರಿಂದಲೇ ಎಂದು ನನಗೆ ತೋರುತ್ತದೆ.

ಅಮೆರಿಕದ ಮನೋವಿಜ್ಞಾನಿ ಮೇರಿ ಫ್ರಾನ್ಸಿಸ್ ಓಕಾನರ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಾಯಿಯನ್ನೋ ಸೋದರಿಯನ್ನೋ ಕಳೆದುಕೊಂಡು ಆ ದುಃಖದಿಂದ ಹೊರಬರಲಾಗದಿದ್ದ ಮಹಿಳೆಯರಿಗೆ ಅಗಲಿದವರ ಚಿತ್ರ ತೋರಿಸಿದಾಗ, ಬಯಕೆಗೆ ಸಂಬಂಧಿಸಿದ ಮಿದುಳಿನ ಭಾಗವೊಂದು ಚುರುಕಾದದ್ದು ಕಂಡಿತು. ಅಭಿಮಾನಿಯ ಶೋಕವನ್ನು ಆ ಶೋಕಕ್ಕೆ ಸರಿಗಟ್ಟಲಾಗದು, ಸರಿಗಟ್ಟಬಾರದು. ಆದರೂ ಮುಂದಿನ ರೇಸಿನಲ್ಲಿ ಆ ಹಳದಿ ಹೆಲ್ಮೆಟ್ಟಿಗಾಗಿ ಕಣ್ಣು ಹುಡುಕಾಡುವುದು ಸುಳ್ಳಲ್ಲ.

2001ರ ಫೆಬ್ರುವರಿಯಲ್ಲಿ ಅಮೆರಿಕದ ಡೇಟೋನಾದ ರೇಸಿನಲ್ಲಿ ಚಾಲಕ ಡೇಲ್ ಅರ್ನ್‌ಹಾರ್ಟ್ ಸತ್ತಾಗ, ಅವರ ಕಾರಿನ ಸಂಖ್ಯೆ 3 ಆಗಿದ್ದರಿಂದ, ಆ ವರ್ಷದ ರೇಸುಗಳ ಮೂರನೆಯ ಸುತ್ತಿನಲ್ಲಿ ಪ್ರೇಕ್ಷಕರು ಎದ್ದು ನಿಂತು ಮೂರು ಬೆರಳು ಎತ್ತಿದರು. ಸಾವಿಗೆ ಕಾರಣ ತಲೆಬುರುಡೆಯ ತಳದ ಮುರಿತ. ಮಾಮಾ ಇದನ್ನು ವಿವರಿಸುವಾಗ ಒಂದು ಕೈಯಿಂದ ತಮ್ಮ ಎದೆಯನ್ನು ಕುರ್ಚಿಗೆ ಒತ್ತಿಹಿಡಿದು, ತಲೆಯನ್ನು ಮಾತ್ರ ಮುಂದಕ್ಕೆ ಜಗ್ಗಿ ತೋರಿಸುತ್ತಾರೆ: ಬೆಲ್ಟು ಮೈಯನ್ನು ಹಿಡಿಯುತ್ತದೆ, ತಲೆ ಅದೇ ವೇಗದಲ್ಲಿ ಮುಂದೋಡುತ್ತದೆ, ಎಳೆತವೆಲ್ಲ ಕುತ್ತಿಗೆಯ ಮೇಲೆ. ಹೆಲ್ಮೆಟ್ಟನ್ನು ಪಟ್ಟಿಗಳಿಂದ ಹೆಗಲ ಮೇಲಿನ ಕಾಲರಿಗೆ ಬಿಗಿಯುವ ‘ಹ್ಯಾನ್ಸ್’ ಸಾಧನ 1980ರ ದಶಕದಲ್ಲೇ ರೂಪುಗೊಂಡಿತ್ತು. ಅಮೆರಿಕದ ಆ ರೇಸುಗಳಲ್ಲಿ ತಲೆ, ಕುತ್ತಿಗೆಗಳ ರಕ್ಷಣೆ ಕಡ್ಡಾಯವಾದದ್ದು ಅರ್ನ್‌ಹಾರ್ಟ್ ಸತ್ತ ವರ್ಷದ ಅಕ್ಟೋಬರಿನಲ್ಲಿ. ಫಾರ್ಮುಲಾ ಒನ್ 2003ರಲ್ಲಿ ಹ್ಯಾನ್ಸ್ ಅನ್ನು ಕಡ್ಡಾಯಗೊಳಿಸಿತು.

ಇಮೋಲಾದಲ್ಲಿ ನಜ್ಜುಗುಜ್ಜಾದ ಸೆನ್ನಾನ ಕಾರಿನೊಳಗೆ ಸುರುಳಿ ಸುತ್ತಿದ ಆಸ್ಟ್ರಿಯಾದ ಧ್ವಜವೊಂದು ಸಿಕ್ಕಿತು. ಹಿಂದಿನ ದಿನ ಅದೇ ಟ್ರ್ಯಾಕಿನಲ್ಲಿ ಜೀವ ಬಿಟ್ಟ ಆಸ್ಟ್ರಿಯಾದ ಚಾಲಕ ರೋಲಾಂಡ್ ರಾಟ್ಜೆನ್‌ಬರ್ಗರ್‌ನ ನೆನಪಿಗೆ, ರೇಸು ಮುಗಿದ ಮೇಲೆ ಎತ್ತಿ ಹಿಡಿಯಲೆಂದು ಇಟ್ಟುಕೊಂಡದ್ದು ಅದು. ಮಾಮಾ ಸಿಕ್ಕಿಸುವ ಎರಡನೆಯ ಹೂವು ರಾಟ್ಜೆನ್‌ಬರ್ಗರ್‌ಗೆ.