ಮುಚ್ಚಿದ ಕೋಣೆಗೆ ಮೈಕ್ರೊಫೋನ್ ತಂದ ಮನೋವಿಜ್ಞಾನಿ

ಮನೋಚಿಕಿತ್ಸೆಯು ಬಹುಕಾಲ ಇಬ್ಬರ ನಡುವೆಯೇ ಉಳಿದುಹೋಗುತ್ತಿದ್ದ ಮಾತುಕತೆಯಾಗಿತ್ತು. ಬಾಗಿಲು ಮುಚ್ಚಿದ ಮೇಲೆ ಒಳಗೆ ಏನು ನಡೆಯಿತೆಂದು ತಿಳಿಯಲು, ಚಿಕಿತ್ಸಕರು ಆಮೇಲೆ ನೆನಪಿನಿಂದ ಬರೆದುಕೊಂಡ ಟಿಪ್ಪಣಿಗಳನ್ನು ಬಿಟ್ಟರೆ ಬೇರೆ ಆಧಾರವಿರಲಿಲ್ಲ. ಹೀಗೆ ಕಣ್ಣಿಗೂ ಕಿವಿಗೂ ನಿಲುಕದ ಕೆಲಸವೊಂದು ಫಲಕಾರಿಯೇ, ಆಗಿದ್ದರೆ ಅದರ ಯಾವ ಅಂಶದಿಂದ ಫಲ ದೊರೆಯುತ್ತಿದೆ ಎಂದು ಪರೀಕ್ಷಿಸುವುದು ಸಾಧ್ಯವೇ ಇರಲಿಲ್ಲ. ಈ ಸ್ಥಿತಿಯನ್ನು ಬದಲಿಸಿದವರಲ್ಲಿ ಮೊದಲಿಗೆ ನೆನೆಯಬೇಕಾದವರು ಅಮೆರಿಕದ ಚಿಕಿತ್ಸಾ ಮನೋವಿಜ್ಞಾನಿ ಕಾರ್ಲ್ ರೋಜರ್ಸ್. ಸಲಹೆ ಕೊಡದೆ ಕೇಳಿಸಿಕೊಳ್ಳುವ ವಿಧಾನದ ಪ್ರವರ್ತಕರೆಂದು ಅವರು ಪ್ರಸಿದ್ಧರು. ಆದರೆ ತಮ್ಮ ವಿಧಾನವನ್ನು ಇತರರ ಪರೀಕ್ಷೆಗೆ ಒಡ್ಡಿದ್ದೇ ಅವರ ದೊಡ್ಡ ಕೊಡುಗೆ ಎಂಬುದು ನನ್ನ ಅಭಿಪ್ರಾಯ.

ಅವರು 1902ರಲ್ಲಿ ಷಿಕಾಗೊ ನಗರಕ್ಕೆ ಹೊಂದಿಕೊಂಡಿರುವ ಓಕ್ ಪಾರ್ಕಿನಲ್ಲಿ ಜನಿಸಿದರು. ಬಾಲ್ಯದಲ್ಲಿಯೇ ಕುಟುಂಬವು ಹೊಲಮನೆಯೊಂದಕ್ಕೆ ಸ್ಥಳಾಂತರಗೊಂಡಿತು. ಅಲ್ಲಿ ವೈಜ್ಞಾನಿಕ ಕೃಷಿಯ ಪುಸ್ತಕಗಳನ್ನು ಓದಿದ ಹುಡುಗನಿಗೆ, ಎರಡು ಗುಂಪುಗಳನ್ನು ಹೋಲಿಸಿ ನೋಡದೆ ಯಾವ ಬದಲಾವಣೆಗೂ ಕಾರಣ ಹೇಳಲಾಗದು ಎಂಬ ಪಾಠ ಸಿಕ್ಕಿತು. ಮುಂದೆ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಕೃಷಿ ವಿದ್ಯಾರ್ಥಿಯಾಗಿ, ಬಳಿಕ ನ್ಯೂಯಾರ್ಕಿನಲ್ಲಿ ಧರ್ಮಶಾಸ್ತ್ರದ ವಿದ್ಯಾರ್ಥಿಯಾಗಿ, ಕೊನೆಗೆ ಕೊಲಂಬಿಯಾ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜಿನಲ್ಲಿ ಮನೋವಿಜ್ಞಾನವನ್ನು ಅಭ್ಯಾಸ ಮಾಡಿ 1931ರಲ್ಲಿ ಡಾಕ್ಟರೇಟ್ ಪಡೆದರು.

ಅಷ್ಟರಲ್ಲಾಗಲೇ ಅವರು ನ್ಯೂಯಾರ್ಕ್ ರಾಜ್ಯದ ರಾಚೆಸ್ಟರಿನಲ್ಲಿ, ತೊಂದರೆಗೊಳಗಾದ ಮಕ್ಕಳಿಗೆ ನೆರವಾಗುವ ಸಂಸ್ಥೆಯಲ್ಲಿ ಕೆಲಸಕ್ಕೆ ಸೇರಿದ್ದರು. 1928ರಿಂದ 1940ರವರೆಗಿನ ಆ ಅವಧಿಯ ಒಂದು ಘಟನೆಯನ್ನು ಅವರೇ ಮುಂದೆ ದಾಖಲಿಸಿದ್ದಾರೆ. ಪುಂಡಾಟದ ಹುಡುಗನೊಬ್ಬನ ತಾಯಿ ಅವರ ಬಳಿಗೆ ಬರುತ್ತಿದ್ದರು. ಆಕೆ ಮಗನನ್ನು ಎಳೆತನದಲ್ಲಿ ದೂರವಿಟ್ಟದ್ದೇ ತೊಂದರೆಯ ಮೂಲವೆಂದು ರೋಜರ್ಸ್ ಗುರುತಿಸಿದ್ದರು. ಅದನ್ನು ಆಕೆಗೆ ಮನಗಾಣಿಸಲು ನಡೆಸಿದ ಯಾವ ಪ್ರಯತ್ನವೂ ಫಲಿಸಲಿಲ್ಲ. ಇಬ್ಬರೂ ಸಾಕಷ್ಟು ಪ್ರಯತ್ನಿಸಿದ್ದಾಯಿತು, ಇನ್ನು ನಿಲ್ಲಿಸೋಣವೆಂದು ಅವರೇ ಸೂಚಿಸಿದಾಗ ತಾಯಿಯೂ ಒಪ್ಪಿ ಎದ್ದರು. ಬಾಗಿಲವರೆಗೆ ಹೋದವರು ತಿರುಗಿ ನಿಂತು, ಇಲ್ಲಿ ದೊಡ್ಡವರಿಗೂ ಸಮಾಲೋಚನೆ ಕೊಡುತ್ತೀರಾ ಎಂದು ಕೇಳಿದರು. ಹೌದೆಂದ ಕೂಡಲೇ ಮರಳಿ ಬಂದು ಕುಳಿತು ತಮ್ಮ ದಾಂಪತ್ಯದ ಹತಾಶೆಯನ್ನೂ ಸೋಲಿನ ಭಾವವನ್ನೂ ತೋಡಿಕೊಳ್ಳತೊಡಗಿದರು. ಅಲ್ಲಿಯವರೆಗೆ ಒಪ್ಪವಾಗಿ ಹೇಳಿದ್ದ ವಿವರಗಳಿಗೂ ಈ ಮಾತಿಗೂ ಸಂಬಂಧವೇ ಇರಲಿಲ್ಲ. ನಿಜವಾದ ಚಿಕಿತ್ಸೆ ಆಗ ಮೊದಲಾಯಿತು, ತಾಯಿಗೂ ಮಗನಿಗೂ ಅದರಿಂದ ಒಳಿತಾಯಿತು ಎಂದು ರೋಜರ್ಸ್ ಬರೆದಿದ್ದಾರೆ. ಎಲ್ಲಿ ನೋಯುತ್ತಿದೆ, ಯಾವ ದಿಕ್ಕಿಗೆ ಸಾಗಬೇಕು ಎಂಬುದು ನೆರವು ಬಯಸಿ ಬಂದವರಿಗೇ ಗೊತ್ತಿರುತ್ತದೆ ಎಂಬ ಅವರ ನಂಬಿಕೆಗೆ ಇಂಥ ಅನುಭವಗಳೇ ತಳಹದಿಯಾದವು.

1940ರಲ್ಲಿ ಓಹಾಯೊ ರಾಜ್ಯ ವಿಶ್ವವಿದ್ಯಾಲಯಕ್ಕೆ ಪ್ರಾಧ್ಯಾಪಕರಾಗಿ ಬಂದ ರೋಜರ್ಸ್, ತಮ್ಮ ವಿದ್ಯಾರ್ಥಿಗಳೊಡನೆ ಚಿಕಿತ್ಸೆಯ ಮಾತುಕತೆಗಳನ್ನು ಧ್ವನಿಮುದ್ರಿಸಲು ಆರಂಭಿಸಿದರು. ಟೇಪ್ ರೆಕಾರ್ಡರ್ ಆಗಿನ್ನೂ ಅವರ ಕೈಗೆ ಸಿಕ್ಕಿರಲಿಲ್ಲ. ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲು ಕೆಲವೇ ನಿಮಿಷಗಳಲ್ಲಿ ತುಂಬಿಬಿಡುತ್ತಿದ್ದುದರಿಂದ ಎರಡು ಯಂತ್ರಗಳನ್ನು ಇಟ್ಟುಕೊಂಡು, ಒಂದರಲ್ಲಿ ಮಾತು ಮುದ್ರಿತವಾಗುತ್ತಿರುವಾಗಲೇ ಇನ್ನೊಂದಕ್ಕೆ ಹೊಸ ತಟ್ಟೆಯನ್ನು ಹೊಂದಿಸಬೇಕಾಗಿತ್ತು. 1942ರಲ್ಲಿ ಒಬ್ಬ ವ್ಯಕ್ತಿಯ ಚಿಕಿತ್ಸೆಯ ಎಂಟೂ ಭೇಟಿಗಳ ಮಾತುಕತೆಯನ್ನು, ಹೆಸರು ಮರೆಮಾಡಿ, ಮೊದಲಿನಿಂದ ಕೊನೆಯವರೆಗೆ ಅಕ್ಷರಶಃ ಪ್ರಕಟಿಸಿದರು. ಧ್ವನಿಮುದ್ರಣಗಳು ತರಬೇತಿಯಲ್ಲಿದ್ದ ಚಿಕಿತ್ಸಕರಿಗೆ ಕಠಿಣ ಸತ್ಯಗಳನ್ನು ತಿಳಿಸಿದವು. ಬರೆದುಕೊಂಡ ವರದಿಗಳಲ್ಲಿ ಮಾತುಕತೆಯ ಬಹುಪಾಲು ಬಿಟ್ಟುಹೋಗಿರುತ್ತಿತ್ತು. ತಾವು ಕೇಳಿಸಿಕೊಳ್ಳುತ್ತಿದ್ದೇವೆ ಎಂದು ಭಾವಿಸಿದ್ದವರು ಹೆಜ್ಜೆಹೆಜ್ಜೆಗೂ ಪ್ರಶ್ನೆ ಹಾಕುತ್ತ, ದಾರಿ ತೋರಿಸುತ್ತ, ಎದುರಿನವರ ಮಾತನ್ನು ಅರ್ಧಕ್ಕೇ ತಡೆಯುತ್ತಿದ್ದರು.

ಕೇಳಿಸಿಕೊಳ್ಳುವುದು ಎಂದರೆ ಸುಮ್ಮನೆ ತಲೆದೂಗುತ್ತ ಕುಳಿತಿರುವುದಲ್ಲ. ಒಬ್ಬರು ಬಂದು, ‘ತಂದೆ ತೀರಿಕೊಂಡಾಗ ನನಗೆ ಅಳುವೇ ಬರಲಿಲ್ಲ, ಎಲ್ಲರೂ ನನ್ನನ್ನೇ ನೋಡುತ್ತಿದ್ದರು’ ಎನ್ನುತ್ತಾರೆ ಎಂದುಕೊಳ್ಳೋಣ. ಅಳು ಬಾರದಿರುವುದು ಸಹಜವೆಂದು ಸಮಾಧಾನ ಹೇಳಬಹುದು, ತಂದೆಯೊಡನೆ ಸಂಬಂಧ ಹೇಗಿತ್ತೆಂದು ವಿಚಾರಿಸಬಹುದು. ರೋಜರ್ಸ್ ಮಾರ್ಗದ ಚಿಕಿತ್ಸಕರು ಇವೆರಡನ್ನೂ ಮಾಡದೆ, ‘ದುಃಖಕ್ಕಿಂತ ಹೆಚ್ಚಾಗಿ, ಅವರೆಲ್ಲ ನಿಮ್ಮ ಬಗ್ಗೆ ಏನೆಂದುಕೊಂಡರೋ ಎಂಬುದು ನಿಮ್ಮನ್ನು ಕಾಡುತ್ತಿದೆ ಅಲ್ಲವೇ?’ ಎಂದಾರು. ಆ ಊಹೆ ತಪ್ಪಾಗಿದ್ದರೆ ಮಾತನಾಡುತ್ತಿರುವವರು ತಿದ್ದುತ್ತಾರೆ. ತಿದ್ದುವಾಗ ತಮ್ಮ ಭಾವನೆಯನ್ನು ಇನ್ನಷ್ಟು ಖಚಿತವಾಗಿ ಗುರುತಿಸುತ್ತಾರೆ. 1957ರ ಪ್ರಸಿದ್ಧ ಪ್ರಬಂಧದಲ್ಲಿ ರೋಜರ್ಸ್ ಚಿಕಿತ್ಸಕರಲ್ಲಿ ಇರಬೇಕಾದ ಗುಣಗಳನ್ನು ಹೆಸರಿಸಿದರು: ಒಳಗೊಂದು ಹೊರಗೊಂದು ಇಲ್ಲದ ನಡವಳಿಕೆ, ಷರತ್ತಿಲ್ಲದ ಆದರ, ಎದುರಿನವರ ಲೋಕವನ್ನು ಅವರ ಕಣ್ಣಿನಿಂದಲೇ ಕಾಣುವ ಪರಾನುಭೂತಿ. ಇವು ಚಿಕಿತ್ಸಕರಲ್ಲಿದ್ದು, ಬಂದವರಿಗೂ ಅನುಭವಕ್ಕೆ ಬಂದರೆ ಬದಲಾವಣೆಗೆ ಬೇರೇನೂ ಬೇಡ ಎಂದು ಅವರು ವಾದಿಸಿದರು.

ಅದು ಬಹಳ ದೊಡ್ಡ ಮಾತು. ಲಂಡನ್ನಿನ ಮನೋವಿಜ್ಞಾನಿ ಹ್ಯಾನ್ಸ್ ಐಸೆಂಕ್ 1952ರಲ್ಲಿಯೇ, ಮನೋಚಿಕಿತ್ಸೆ ಪಡೆದವರು ಅದನ್ನು ಪಡೆಯದವರಿಗಿಂತ ಹೆಚ್ಚು ಚೇತರಿಸಿಕೊಳ್ಳುತ್ತಾರೆ ಎಂಬುದಕ್ಕೆ ಪುರಾವೆಯೇ ಇಲ್ಲವೆಂದು ಬರೆದಿದ್ದರು. ಅದೇ ವೇಳೆಗೆ ಷಿಕಾಗೊ ವಿಶ್ವವಿದ್ಯಾಲಯದಲ್ಲಿ ರೋಜರ್ಸ್ ಮತ್ತು ಸಹೋದ್ಯೋಗಿಗಳು ಇಂಥ ಪುರಾವೆಗಾಗಿ ಅಧ್ಯಯನ ನಡೆಸುತ್ತಿದ್ದರು. ನೆರವು ಬಯಸಿ ಬಂದವರಿಗೆ ತಮ್ಮ ಬಗೆಗಿನ 100 ಹೇಳಿಕೆಗಳಿರುವ ಚೀಟಿಗಳನ್ನು ಕೊಟ್ಟು, ತಮಗೆ ಹೆಚ್ಚು ಒಪ್ಪುವುದರಿಂದ ಸ್ವಲ್ಪವೂ ಒಪ್ಪದ್ದರವರೆಗೆ ಒಂಬತ್ತು ಗುಂಪುಗಳಾಗಿ ವಿಂಗಡಿಸಲು ಹೇಳುತ್ತಿದ್ದರು. ಆಮೇಲೆ ಅವೇ ಚೀಟಿಗಳನ್ನು ‘ನಾನು ಹೇಗಿರಬೇಕೆಂದು ಬಯಸುತ್ತೇನೆ’ ಎಂಬುದಕ್ಕೆ ತಕ್ಕಂತೆ ಮತ್ತೊಮ್ಮೆ ಜೋಡಿಸಬೇಕು. ಇರುವ ನಾನು, ಇರಬೇಕಾದ ನಾನು ಎಂಬ ಈ ಎರಡು ಜೋಡಣೆಗಳ ಸಹಸಂಬಂಧದ (ಎರಡೂ ಎಷ್ಟು ಹೊಂದುತ್ತವೆ ಎಂಬುದರ ಅಳತೆ; ಪೂರ್ತಿ ಹೊಂದಿದರೆ 1, ನಂಟೇ ಇಲ್ಲದಿದ್ದರೆ 0) ಸರಾಸರಿಯು ಚಿಕಿತ್ಸೆಗೆ ಮುಂಚೆ -0.01 ಇತ್ತು, ಅಂದರೆ ಎರಡಕ್ಕೂ ಏನೇನೂ ನಂಟಿರಲಿಲ್ಲ. ಚಿಕಿತ್ಸೆಯ ನಂತರ ಅದು 0.34ಕ್ಕೆ ಏರಿತು. ಚಿಕಿತ್ಸೆ ಬಯಸದೆ ಹೋಲಿಕೆಗಾಗಿ ಮಾತ್ರ ಪಾಲ್ಗೊಂಡವರಲ್ಲಿ 0.58 ಇದ್ದುದು 0.59 ಆಯಿತು. ಕೆಲವರನ್ನು ಚಿಕಿತ್ಸೆಗೆ ಮುಂಚೆ 60 ದಿನ ಕಾಯಿಸಿ ನೋಡಲಾಯಿತು. ಕಾಯುವುದರಿಂದಷ್ಟೇ ಅವರಲ್ಲಿ ಏನೂ ಬದಲಾಗಲಿಲ್ಲ. ಜನರು ತಮ್ಮ ಬಗ್ಗೆ ತಾವೇ ಹೇಳಿಕೊಂಡದ್ದನ್ನು ಆಧರಿಸಿದ ಅಳತೆ ಇದು, ಹೋಲಿಕೆಯ ಗುಂಪಿನವರು ಮೊದಲಿನಿಂದಲೂ ಬೇರೆ ಸ್ಥಿತಿಯಲ್ಲಿದ್ದವರು ಎಂಬ ಆಕ್ಷೇಪಗಳು ಸರಿಯಾದವೇ. ಆದರೂ ಮನಸ್ಸಿನ ಒಳಗಿನ ಸಂಗತಿಯೊಂದನ್ನು ಅಂಕಿಗೆ ಇಳಿಸಿ, ಹೋಲಿಕೆಯ ಗುಂಪನ್ನು ಇಟ್ಟುಕೊಂಡು, ಸೋಲುವ ಸಾಧ್ಯತೆಯಿರುವ ಪರೀಕ್ಷೆಗೆ ಚಿಕಿತ್ಸೆಯನ್ನು ಒಳಪಡಿಸಿದ ಈ ಕೆಲಸವನ್ನು ನಾನು ಬಹಳ ಗೌರವದಿಂದ ಕಾಣುತ್ತೇನೆ.

ಪರೀಕ್ಷೆಗಳು ಎಲ್ಲ ಕಾಲಕ್ಕೂ ಅವರ ಪರವಾಗಿ ಬರಲಿಲ್ಲ. 1957ರಲ್ಲಿ ವಿಸ್ಕಾನ್ಸಿನ್‌ಗೆ ಮರಳಿ, ಆಸ್ಪತ್ರೆಯಲ್ಲಿದ್ದ, ಸ್ಕಿಜೋಫ್ರೇನಿಯಾ ಎಂಬ ತೀವ್ರ ಮನೋರೋಗದ ರೋಗಿಗಳಲ್ಲಿ ನಡೆಸಿದ ದೊಡ್ಡ ಅಧ್ಯಯನದಲ್ಲಿ, ಚಿಕಿತ್ಸೆ ಪಡೆದವರ ಗುಂಪು ಒಟ್ಟಾರೆಯಾಗಿ ನಿರೀಕ್ಷಿಸಿದಷ್ಟು ಸುಧಾರಿಸಲಿಲ್ಲ. ಆ ಅಧ್ಯಯನದಲ್ಲಿ ಸಹೋದ್ಯೋಗಿಯಾಗಿದ್ದ ಚಾರ್ಲ್ಸ್ ಟ್ರೂಆಕ್ಸ್ 1966ರಲ್ಲಿ, ಯಶಸ್ವಿಯಾಗಿ ಮುಗಿದಿದ್ದ ದೀರ್ಘ ಚಿಕಿತ್ಸೆಯೊಂದರಲ್ಲಿ ಸ್ವತಃ ರೋಜರ್ಸ್ ಆಡಿದ ಮಾತುಗಳ ಧ್ವನಿಮುದ್ರಣವನ್ನು ವಿಶ್ಲೇಷಿಸಿದರು. ಬಂದವರ ಯಾವ ಮಾತಿಗೂ ಒಂದೇ ಬಗೆಯ, ಷರತ್ತಿಲ್ಲದ ಆದರ ಸಿಗಬೇಕೆಂಬುದು ಸಿದ್ಧಾಂತ. ಧ್ವನಿಮುದ್ರಣದಲ್ಲಿ ಕಂಡದ್ದೇ ಬೇರೆ: ಕೆಲವು ಬಗೆಯ ಮಾತುಗಳಿಗೆ ರೋಜರ್ಸ್ ಹೆಚ್ಚು ಬೆಚ್ಚಗೆ ಸ್ಪಂದಿಸುತ್ತಿದ್ದರು, ಉಳಿದವಕ್ಕೆ ಅಷ್ಟಿಲ್ಲ. ಅಂದರೆ ಅರಿವಿಲ್ಲದೆಯೇ ಅವರೂ ದಾರಿ ತೋರಿಸುತ್ತಿದ್ದರು. ತಮ್ಮ ಮಾತುಗಳ ಧ್ವನಿಮುದ್ರಣಗಳನ್ನು ಅವರು ಇತರರಿಗೆ ಬಿಟ್ಟುಕೊಡದೆ ಹೋಗಿದ್ದರೆ ಇದು ಬೆಳಕಿಗೆ ಬರುತ್ತಲೇ ಇರಲಿಲ್ಲ.

ರೋಜರ್ಸ್ 1987ರಲ್ಲಿ ನಿಧನರಾದರು. ಪರಾನುಭೂತಿಯಂಥ ಗುಣಗಳಷ್ಟೇ ಸಾಕು ಎಂಬ ಅವರ ವಾದವನ್ನು ಇಂದು ಒಪ್ಪುವವರು ಕಡಿಮೆ. ತೀವ್ರ ಭಯದಂಥ ತೊಂದರೆಗಳಿಗೆ, ಭಯ ಹುಟ್ಟಿಸುವ ಸಂಗತಿಯನ್ನು ಹಂತಹಂತವಾಗಿ ಎದುರಿಸುವ ನಿರ್ದಿಷ್ಟ ವಿಧಾನಗಳು ಹೆಚ್ಚು ಫಲಕಾರಿಯೆಂದು ತಿಳಿದಿದೆ. ಆದರೆ ಪರಾನುಭೂತಿ ಬೇಕೇ ಬೇಕು ಎಂಬುದಕ್ಕೆ ಬೆಂಬಲ ಗಟ್ಟಿಯಾಗುತ್ತಲೇ ಬಂದಿದೆ. 2018ರಲ್ಲಿ 6,000ಕ್ಕೂ ಹೆಚ್ಚು ಜನರ ಚಿಕಿತ್ಸೆಯ ಮಾಹಿತಿಯನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯೊಂದರಲ್ಲಿ ಚಿಕಿತ್ಸಕರ ಪರಾನುಭೂತಿಗೂ ಚಿಕಿತ್ಸೆಯ ಫಲಿತಾಂಶಕ್ಕೂ ಇರುವ ಸಹಸಂಬಂಧ ಸುಮಾರು 0.28 ಎಂದು ಕಂಡುಬಂದಿತು. ಮಾನವ ಸಂಬಂಧದಷ್ಟು ಸಂಕೀರ್ಣ ವಿಷಯದಲ್ಲಿ ಇದು ಸಣ್ಣದೇನಲ್ಲ. ತಾನು ಎದುರಿನವರನ್ನು ಎಷ್ಟು ಅರ್ಥಮಾಡಿಕೊಂಡೆ ಎಂದು ಚಿಕಿತ್ಸಕರು ತಾವೇ ಕೊಟ್ಟುಕೊಳ್ಳುವ ಅಂಕಕ್ಕಿಂತ, ತನ್ನನ್ನು ಅರ್ಥಮಾಡಿಕೊಂಡರೇ ಇಲ್ಲವೇ ಎಂದು ಬಂದವರು ಕೊಡುವ ಅಂಕವು ಫಲಿತಾಂಶವನ್ನು ಹೆಚ್ಚು ಸರಿಯಾಗಿ ಮುನ್ಸೂಚಿಸುತ್ತದೆ ಎಂಬುದೂ ಇಂಥ ಅಧ್ಯಯನಗಳಿಂದಲೇ ತಿಳಿದುಬಂದಿದೆ.