ಪತಾಕ ಹಸ್ತದೊಳಗಿನ ಮಲಪ್ರಭೆ

ಭರತನಾಟ್ಯದ ಪಾಠದಲ್ಲಿ ಮಕ್ಕಳು ಮೊದಲು ಕಲಿಯುವ ಹಸ್ತ, ಅಂದರೆ ಕೈಮುದ್ರೆ, ಪತಾಕ: ಬೆರಳುಗಳನ್ನು ಜೋಡಿಸಿ ಚಾಚಿ, ಹೆಬ್ಬೆರಳನ್ನು ಮಡಚಿದ ಕೈ. ಅದನ್ನು ಯಾವುದಕ್ಕೆಲ್ಲ ಬಳಸಬೇಕೆಂಬ ವಿನಿಯೋಗವನ್ನು ಹೇಳುವ, ಹಳೆಯ ನೃತ್ಯಶಾಸ್ತ್ರ ಗ್ರಂಥ ‘ಅಭಿನಯದರ್ಪಣ’ದ ಶ್ಲೋಕವು ನಾಟ್ಯಾರಂಭದ ಬೆನ್ನಿಗೇ ‘ವಾರಿವಾಹೇ ವನೇ’ ಎಂದು ಮೋಡವನ್ನೂ ಕಾಡನ್ನೂ ಹೆಸರಿಸಿ, ಮುಂದೆ ‘ನದ್ಯಾಂ’ ಎಂದು ನದಿಗೂ ಅದೇ ಕೈಯನ್ನು ಹೇಳುತ್ತದೆ. ಮಕ್ಕಳು ಇದನ್ನು ಒಂದೇ ಉಸಿರಿನಲ್ಲಿ ಒಪ್ಪಿಸಿಬಿಡುತ್ತಾರೆ. ಬಾಗಲಕೋಟೆಯಲ್ಲಿ ಪಾಠ ಹೇಳುವ ನಾನು ಅಲ್ಲಿಯೇ ಅವರನ್ನು ತಡೆದು, ನಮ್ಮ ಮಲಪ್ರಭೆ ಹುಟ್ಟುವುದು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ, ಅಲ್ಲಿನ ಕಾಡಿನ ಮೇಲೆ ಮೋಡ ಸುರಿದರೆ ಬಾದಾಮಿ ಸೀಮೆಯ ಹೊಳೆ ತುಂಬುತ್ತದೆ ಎಂದು ವಿವರಿಸುತ್ತೇನೆ. ಶಾಸ್ತ್ರಕಾರರ ಉದ್ದೇಶ ಇದೇ ಆಗಿತ್ತೆಂದು ನಾನು ವಾದಿಸುವುದಿಲ್ಲ. ಆದರೆ ಮೂರಕ್ಕೂ ಒಂದೇ ಕೈ ಎಂಬುದು ಮಕ್ಕಳ ಮನಸ್ಸಿನಲ್ಲಿ ನಿಲ್ಲುತ್ತದೆ.

ವೇದಿಕೆಯ ಮೇಲೆ ನದಿಯೆಂದರೆ ಸಾಮಾನ್ಯವಾಗಿ ಗಂಗಾವತರಣವೇ. ಐಹೊಳೆಯ ರಾವಣಫಡಿ ಗುಹೆಯಲ್ಲಿಯೂ ಗಂಗಾಧರನ ಮುಡಿಯ ಮೇಲೆ ಮೂವರು ನದೀದೇವತೆಯರಿದ್ದಾರೆ. ಆದರೂ ಕಣ್ಣೆದುರಿನ ಹೊಳೆಯನ್ನು ನೋಡದೆ ಕುಣಿದ ಗಂಗೆಯಲ್ಲಿ ನೀರಿರುವುದಿಲ್ಲ. ಆದ್ದರಿಂದ ಮಳೆಗಾಲ ಮುಗಿದ ಮೇಲೆ ವಿದ್ಯಾರ್ಥಿನಿಯರನ್ನು ಪಟ್ಟದಕಲ್ಲಿಗೆ ಕರೆದೊಯ್ದು ಮಲಪ್ರಭೆಯ ದಂಡೆಯಲ್ಲಿ ಕೂರಿಸುತ್ತೇನೆ. ನಡುಹೊಳೆಯ ನೀರು ಓಡುತ್ತದೆ, ದಂಡೆಯದು ತಡೆಯುತ್ತದೆ, ಕಲ್ಲಿನ ಹಿಂದಿನದು ಅಲ್ಲಿಯೇ ಸುತ್ತುತ್ತದೆ. ಎರಡೂ ಕೈಗಳನ್ನು ಸಮನಾಗಿ ಆಡಿಸುತ್ತಿದ್ದ ಹುಡುಗಿಯೊಬ್ಬಳು ಅಂದು ಬಲಗೈಯನ್ನು ಮುಂದೆ ಬಿಟ್ಟು, ಎಡಗೈಯನ್ನು ಅರ್ಧ ಮಾತ್ರೆ ತಡೆದು, ಮಣಿಕಟ್ಟನ್ನು ಸಡಿಲಿಸಿ, ಕಣ್ಣನ್ನು ಬೆರಳ ತುದಿಯ ಹಿಂದೆಯೇ ಒಯ್ದಾಗ ಅವಳ ಕೈಯಲ್ಲಿ ನಿಜವಾಗಿಯೂ ಹೊಳೆ ಹರಿಯಿತು.

ಅದೇ ಹೊಳೆ 2019ರ ಆಗಸ್ಟಿನಲ್ಲಿ ಪಟ್ಟದಕಲ್ಲಿನ ಗುಡಿಗಳ ಆವರಣಕ್ಕೇ ನುಗ್ಗಿತ್ತು. ಬೇಸಿಗೆಯಲ್ಲಿ ಅಲ್ಲಲ್ಲಿ ನಿಂತ ನೀರಷ್ಟೇ ಉಳಿಯುತ್ತದೆ. ಬತ್ತಿದ ಹೊಳೆಯನ್ನು ತೋರಿಸುವಾಗ ನಾವು ಪತಾಕವನ್ನು ಬಿಡುವುದಿಲ್ಲ, ಅಂಗೈಗಳನ್ನು ನೆಲಮುಖವಾಗಿ ಕದಲದಂತೆ ಹಿಡಿಯುತ್ತೇವೆ, ಮೃದಂಗ ತಾಳದ ಒಂದು ಆವರ್ತ ಸುಮ್ಮನಿರುತ್ತದೆ.

ಅಭಿನಯದಿಂದಲೇ ಹೊಳೆ ಸ್ವಚ್ಛವಾಗುತ್ತದೆ ಎನ್ನಲಾರೆ. ನಮ್ಮ ನೃತ್ಯಶಾಲೆಯ ಗೆಜ್ಜೆಪೂಜೆಯ ಹೂಮಾಲೆಗಳನ್ನೇ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಸೇತುವೆಯಿಂದ ಎಸೆಯುವ ರೂಢಿಯಿತ್ತು. ಅದನ್ನು ನಿಲ್ಲಿಸಿದಾಗ ತಾಯಿಯೊಬ್ಬರು, “ಟೀಚರ್, ನಿರ್ಮಾಲ್ಯ ಹೊಳಿಗೇ ಬಿಡಬೇಕಲ್ರೀ?” ಎಂದು ನೊಂದು ಕೇಳಿದರು. ನಾನು ಉತ್ತರಿಸುವ ಮೊದಲೇ ಅವರ ಮಗಳು ಹೂಗಳನ್ನು ದಾರದಿಂದ ಬಿಡಿಸಿ, ಅಂಗಳದ ಬೇವಿನ ಬುಡಕ್ಕೆ ಸುರಿದು, ಮೇಲೆ ಒಂದು ತಂಬಿಗೆ ನೀರು ಹಾಕಿದಳು.