ಬಿಲ್ಲು ಒಂದೂರಿಗೆ, ತೆರಿಗೆ ಇನ್ನೊಂದೂರಿಗೆ: ಅಮೆರಿಕದ ವಲಸೆ ಸಿಟ್ಟಿನ ಹಿನ್ನೆಲೆ

ಸ್ಯಾನ್ ಡಿಯೇಗೊ ಕಡೆಯಿಂದ ಮೆಕ್ಸಿಕೊ ಗಡಿಗೆ ಹೋಗುವ ಹೆದ್ದಾರಿಯ ಪಕ್ಕದಲ್ಲಿ ಬಹಳ ವರ್ಷ ಒಂದು ಹಳದಿ ಫಲಕ ನಿಂತಿತ್ತು. ಅದರಲ್ಲಿ ಕಪ್ಪು ನೆರಳಿನಂತೆ ಮೂವರು. ಮುಂದೆ ಬಗ್ಗಿ ಓಡುವ ಗಂಡಸು, ಅವನ ಹಿಂದೆ ಹೆಂಗಸು, ಅವಳ ಕೈ ಹಿಡಿದು ಎಳೆಸಿಕೊಂಡು ಬರುವ ಪುಟ್ಟ ಹುಡುಗಿ. ಹುಡುಗಿಯ ಜಡೆ ಗಾಳಿಗೆ ಹಾರುತ್ತಿದೆ. ಬಂಡೀಪುರದ ರಸ್ತೆಯಲ್ಲಿ ಪ್ರಾಣಿಗಳು ಅಡ್ಡ ಬರುತ್ತವೆ ಎಂದು ಫಲಕ ಹಾಕುತ್ತಾರಲ್ಲ, ಇಲ್ಲಿ ಮನುಷ್ಯರು ಅಡ್ಡ ಬರುತ್ತಾರೆ ಎಂದು ಡ್ರೈವರುಗಳಿಗೆ ಎಚ್ಚರಿಕೆ. ಗಡಿ ನುಸುಳಿ ಓಡುವವರು ಕಾರುಗಳಿಗೆ ಸಿಕ್ಕಿ ಸಾಯುವುದು 1980ರ ದಶಕದ ಕೊನೆಗೆ ಮಿತಿಮೀರಿದಾಗ, ಕ್ಯಾಲಿಫೋರ್ನಿಯಾ ರಾಜ್ಯದ ಸಾರಿಗೆ ಇಲಾಖೆ ಜಾನ್ ಹುಡ್ ಎಂಬ ತನ್ನ ಕಲಾವಿದನಿಂದ ಇದನ್ನು ಬರೆಸಿತು.

1994ರಲ್ಲಿ ಅದೇ ಗಡಿಯ ಓಟ ಟಿವಿ ಜಾಹೀರಾತಿಗೆ ಬಂತು. ಕ್ಯಾಲಿಫೋರ್ನಿಯಾದ ಗವರ್ನರ್ ಪೀಟ್ ವಿಲ್ಸನ್ ಮರುಆಯ್ಕೆಗೆ ನಿಂತಿದ್ದರು, ಸಮೀಕ್ಷೆಗಳಲ್ಲಿ ಹಿಂದೆ ಬಿದ್ದಿದ್ದರು. ಕಪ್ಪು ಬಿಳುಪು ಚಿತ್ರದಲ್ಲಿ ಜನ ಕಾರುಗಳ ನಡುವೆ ಓಡುತ್ತಾರೆ, ಹಿನ್ನೆಲೆಯಲ್ಲಿ ಒಂದು ಗಂಡು ದನಿ: "ಬರುತ್ತಲೇ ಇದ್ದಾರೆ." ಎಚ್ಚರಿಕೆಯ ಫಲಕದಲ್ಲಿ ಕಾಪಾಡಬೇಕಾಗಿದ್ದ ಕುಟುಂಬ ಜಾಹೀರಾತಿನಲ್ಲಿ ದಾಳಿಯಾಗಿ ಕಂಡಿತು. ಆ ವರ್ಷದ ನವೆಂಬರಿನಲ್ಲಿ ಪ್ರೊಪೊಸಿಷನ್ 187 ಎಂಬ ಪ್ರಸ್ತಾವವನ್ನು ರಾಜ್ಯದ ಮತದಾರರು ಸುಮಾರು 59 ಶೇಕಡ ಮತ ಕೊಟ್ಟು ಗೆಲ್ಲಿಸಿದರು. ಕಾಗದಪತ್ರ ಇಲ್ಲದವರಿಗೆ ಸರ್ಕಾರಿ ನೆರವು ಬಂದ್. ತುರ್ತು ಅಲ್ಲದ ಚಿಕಿತ್ಸೆ ಬಂದ್. ಅವರ ಮಕ್ಕಳಿಗೆ ಸರ್ಕಾರಿ ಶಾಲೆಯೂ ಬಂದ್. ಅನುಮಾನ ಬಂದರೆ ಮೇಷ್ಟ್ರು, ಡಾಕ್ಟರು ವಲಸೆ ಇಲಾಖೆಗೆ ತಿಳಿಸಬೇಕು.

ಇವತ್ತಿಗೂ ಅಮೆರಿಕದಲ್ಲಿ ಅಕ್ರಮ ವಲಸೆ ಎಂದ ತಕ್ಷಣ ಮಾತು ಗಡಿಯಿಂದ ಸೀದಾ ಸರ್ಕಾರಿ ಸವಲತ್ತಿಗೆ ಬಂದು ನಿಲ್ಲುತ್ತದೆ. ನಾವು ದುಡಿದು ಕಟ್ಟಿದ ತೆರಿಗೆಯಲ್ಲಿ ಅವರು ಉಣ್ಣುತ್ತಿದ್ದಾರೆ, ಯಾರದೋ ದುಡ್ಡು ಯಲ್ಲಮ್ಮನ ಜಾತ್ರೆ ಎಂಬ ಸಿಟ್ಟು ಅದು. ಇದನ್ನು ಬರೀ ದ್ವೇಷ ಎಂದು ತಳ್ಳಿಹಾಕುವವರ ಜೊತೆ ನಾನಿಲ್ಲ. ಸಿಟ್ಟಿಗೆ ನಿಜವಾದ ಕಾರಣವಿದೆ. ಆದರೆ ಕಾರಣ ಇರುವ ಕಡೆ ಬೇರೆ, ಏಟು ಬೀಳುವ ಕಡೆ ಬೇರೆ.

ಮೊದಲು ಅವರನ್ನು ಕರೆದವರು ಯಾರು ಎಂಬುದನ್ನು ನೋಡೋಣ. 1942ರಲ್ಲಿ, ಯುದ್ಧದ ಕಾಲಕ್ಕೆ ಹೊಲಗಳಲ್ಲಿ ಆಳು ಸಾಲದೆ ಬಂದಾಗ, ಅಮೆರಿಕ ಸರ್ಕಾರವೇ ಮೆಕ್ಸಿಕೊ ಜೊತೆ ಒಪ್ಪಂದ ಮಾಡಿಕೊಂಡು ಕೂಲಿಗಳನ್ನು ಕರೆಸಿತು. ಬ್ರಸೇರೊ ಎಂದು ಹೆಸರಾದ ಈ ಯೋಜನೆ 1964ರವರೆಗೆ ನಡೆಯಿತು, ಸುಮಾರು 46 ಲಕ್ಷ ಕೂಲಿ ಕರಾರುಗಳಾದವು. ಯೋಜನೆ ನಿಂತಿತು. ಅದರ ಬೆನ್ನಿಗೇ 1965ರ ವಲಸೆ ಕಾಯ್ದೆ ಅಮೆರಿಕ ಖಂಡಗಳ ದೇಶಗಳಿಂದ ಬರುವವರಿಗೂ ಮೊದಲ ಸಲ ಒಟ್ಟು ಮಿತಿ ಹಾಕಿತು. ತೋಟಗಳಿಗೆ ಆಳು ಬೇಕಾಗಿದ್ದು ಮಾತ್ರ ನಿಲ್ಲಲಿಲ್ಲ. ನಿನ್ನೆಯವರೆಗೆ ಕರಾರು ಹಿಡಿದು ಬರುತ್ತಿದ್ದವನು ಇವತ್ತು ಅದೇ ದಾರಿಯಲ್ಲಿ, ಅದೇ ಮಾಲೀಕನ ಹೊಲಕ್ಕೆ ಬಂದರೆ ಅಕ್ರಮ ವಲಸಿಗ.

ಬಂದವರು ಹೆಂಡತಿ ಮಕ್ಕಳನ್ನೂ ಕರೆತಂದರು. ಅಲ್ಲಿಂದ ಶಾಲೆಯ ಪ್ರಶ್ನೆ ಹುಟ್ಟಿತು. 1975ರಲ್ಲಿ ಟೆಕ್ಸಸ್ ರಾಜ್ಯ, ಕಾನೂನುಬದ್ಧವಾಗಿ ದೇಶಕ್ಕೆ ಬಂದಿರದ ಮಕ್ಕಳ ಓದಿಗೆ ಅನುದಾನ ಕೊಡುವುದಿಲ್ಲ ಎಂದು ಕಾನೂನು ಮಾಡಿತು. ಗುಲಾಬಿ ತೋಟಗಳಿಗೆ ಹೆಸರಾದ ಟೈಲರ್ ಎಂಬ ಊರಿನ ಶಾಲಾ ಮಂಡಳಿ ಅಂಥ ಪ್ರತಿ ಮಗುವಿಗೆ ವರ್ಷಕ್ಕೆ 1,000 ಡಾಲರ್ ಫೀಸು ವಿಧಿಸಿತು. ಕೂಲಿ ಮಾಡುವ ಅಪ್ಪಂದಿರ ಕೈಗೆ ಎಟುಕುವ ಮೊತ್ತವಲ್ಲ ಅದು. 1977ರಲ್ಲಿ ನಾಲ್ಕು ಕುಟುಂಬಗಳು ಕೋರ್ಟಿಗೆ ಹೋದವು. ಯಾರ ಕಣ್ಣಿಗೂ ಬೀಳದಿರಲಿ ಎಂದು ನ್ಯಾಯಾಧೀಶ ವಿಲಿಯಂ ವೇಯ್ನ್ ಜಸ್ಟಿಸ್ ವಿಚಾರಣೆಯನ್ನು ಬೆಳಗಿನ ಜಾವಕ್ಕೆ ಇಟ್ಟುಕೊಂಡರು. ಅಪ್ಪ ಅಮ್ಮಂದಿರು ಸಾಮಾನು ಸರಂಜಾಮನ್ನೆಲ್ಲ ಕಾರಿಗೆ ತುಂಬಿಕೊಂಡೇ ಬಂದಿದ್ದರು. ಕೋರ್ಟಿನಲ್ಲೇ ಹಿಡಿದು ಗಡಿಪಾರು ಮಾಡಿದರೆ ಮನೆಗೆ ಹಿಂದಿರುಗಲು ಆಗುವುದಿಲ್ಲವಲ್ಲ! ಮಗುವನ್ನು ಎರಡನೇ ಕ್ಲಾಸಿಗೆ ಸೇರಿಸಲು ಇಡೀ ಸಂಸಾರವನ್ನೇ ಪಣಕ್ಕಿಟ್ಟ ಆ ಬೆಳಗನ್ನು ನೆನೆದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ.

ಸುಪ್ರೀಂ ಕೋರ್ಟಿನ ತೀರ್ಪು ಬಂದದ್ದು 1982ರ ಜೂನ್ 15ರಂದು, 5-4ರ ಬಹುಮತದಲ್ಲಿ. ತಂದೆ ತಾಯಿ ಮಾಡಿದ್ದಕ್ಕೆ ಮಕ್ಕಳನ್ನು ಜೀವನಪೂರ್ತಿ ಶಿಕ್ಷಿಸುವುದು ಸಂವಿಧಾನಕ್ಕೆ ಒಪ್ಪುವುದಿಲ್ಲ ಎಂದರು ನ್ಯಾಯಮೂರ್ತಿ ವಿಲಿಯಂ ಬ್ರೆನನ್. ಭಿನ್ನಮತ ಬರೆದ ಮುಖ್ಯ ನ್ಯಾಯಮೂರ್ತಿ ವಾರನ್ ಬರ್ಗರ್ ಕೂಡ ಮಕ್ಕಳನ್ನು ಓದಿಸದಿರುವುದು ವಿವೇಕ ಎಂದು ಹೇಳಲಿಲ್ಲ. ಅದನ್ನು ಸರಿಪಡಿಸುವ ಕೆಲಸ ಸಂಸತ್ತಿನದು, ಕೋರ್ಟಿನದಲ್ಲ ಎಂಬುದು ಅವರ ವಾದವಾಗಿತ್ತು. ಸಂಸತ್ತು ಗಡಿಯನ್ನೂ ನೋಡಿಕೊಳ್ಳಲಿಲ್ಲ, ಖರ್ಚನ್ನೂ ಹೊರಲಿಲ್ಲ, ಊರಿನ ಶಾಲೆ ಏನು ಮಾಡಬೇಕು ಎಂಬ ಅವರ ತಕರಾರಿನಲ್ಲಿ ಹುರುಳಿತ್ತು. ಪ್ರಕರಣಕ್ಕೆ ಹೆಸರು ಬಂದ ಶಾಲಾ ಸೂಪರಿಂಟೆಂಡೆಂಟ್ ಜೇಮ್ಸ್ ಪ್ಲೈಲರ್, ನಾವು ಸೋತಿದ್ದೇ ಒಳ್ಳೆಯದಾಯಿತು ಎಂದು ವರ್ಷಗಳ ನಂತರ ಒಪ್ಪಿಕೊಂಡರು.

1986ರಲ್ಲಿ ಎರಡು ದೊಡ್ಡ ಕಾನೂನುಗಳಾದವು. ಒಂದಕ್ಕೆ ರೇಗನ್ ನವೆಂಬರಿನಲ್ಲಿ ಸಹಿ ಹಾಕಿದರು. ಅದರಿಂದ ಸುಮಾರು 27 ಲಕ್ಷ ಜನರಿಗೆ ಕಾಗದಪತ್ರ ಸಿಕ್ಕಿತು, ಇನ್ನು ಮುಂದೆ ಅಕ್ರಮವಾಗಿ ಕೆಲಸಕ್ಕಿಟ್ಟುಕೊಂಡ ಮಾಲೀಕರಿಗೆ ದಂಡ ಎಂಬ ಮಾತೂ ಬಂತು. ಮಾಫಿ ಪೂರ್ತಿ ಜಾರಿಯಾಯಿತು, ದಂಡ ಹೆಚ್ಚುಕಡಿಮೆ ಕಾಗದದಲ್ಲೇ ಉಳಿಯಿತು. ನಕಲಿ ಕಾರ್ಡು ನೋಡಿಯೂ ನೋಡದಂತೆ ಫಾರಂ ತುಂಬಿಸಿಕೊಂಡ ಮಾಲೀಕ ಪಾರಾದ. "ಒಂದು ಸಲ ಮೋಸ ಹೋದೆವು" ಎಂಬ ಭಾವ ಮತದಾರರಲ್ಲಿ ಗಟ್ಟಿಯಾಗಿದ್ದು ಆಗ. ಇನ್ನೊಂದು ಕಾನೂನು, ಎಮರ್ಜೆನ್ಸಿಗೆ ಬಂದವರನ್ನು ಆಸ್ಪತ್ರೆ ವಾಪಸು ಕಳಿಸುವಂತಿಲ್ಲ ಎಂದಿತು. ಸರಿಯಾದ ಕಾನೂನೇ. ಆದರೆ ಅದರ ಪೂರಾ ಖರ್ಚು ಕೊಡುವವರು ಯಾರು ಎಂದು ಅದರಲ್ಲಿ ಬರೆದಿರಲಿಲ್ಲ.

ಈಗ ಮತ್ತೆ 187ಕ್ಕೆ ಬರೋಣ. ಶೀತಲ ಸಮರ ಮುಗಿದು ದಕ್ಷಿಣ ಕ್ಯಾಲಿಫೋರ್ನಿಯಾದ ವಿಮಾನ, ಕ್ಷಿಪಣಿ ಕಾರ್ಖಾನೆಗಳು ಜನರನ್ನು ಮನೆಗೆ ಕಳಿಸುತ್ತಿದ್ದ ಹೊತ್ತು. ರಾಜ್ಯದ ಬೊಕ್ಕಸ ಬರಿದಾಗಿತ್ತು. ಮತದಾನಕ್ಕೆ ಮೊದಲು ಲಾಸ್ ಏಂಜಲೀಸಿನಲ್ಲಿ ಸುಮಾರು 70,000 ಜನ ವಿರೋಧಿಸಿ ಮೆರವಣಿಗೆ ಮಾಡಿದರು. ಮೆರವಣಿಗೆಯಲ್ಲಿ ಹಾರಿದ ಮೆಕ್ಸಿಕೊ ಬಾವುಟಗಳನ್ನು ಟಿವಿಯಲ್ಲಿ ಕಂಡ ಎಷ್ಟೋ ಜನರ ಮನಸ್ಸು ಇನ್ನಷ್ಟು ಬಿಗಿಯಾಯಿತು. ಗೆದ್ದರೂ ಕಾನೂನು ಜಾರಿಯಾಗಲಿಲ್ಲ. ನ್ಯಾಯಾಧೀಶೆ ಮರಿಯಾನಾ ಫೇಲ್ಜರ್ ತಡೆಯಾಜ್ಞೆ ಕೊಟ್ಟರು, 1999ರಲ್ಲಿ ಮುಂದಿನ ಗವರ್ನರ್ ಗ್ರೇ ಡೇವಿಸ್ ಮೇಲ್ಮನವಿ ಕೈಬಿಟ್ಟರು.

ಆದರೆ ಅದರ ಬಿಸಿ ವಾಷಿಂಗ್ಟನ್ನಿಗೆ ತಟ್ಟಿತ್ತು. 1996ರ ಆಗಸ್ಟ್ 22ರಂದು ಕ್ಲಿಂಟನ್ ಸಹಿ ಹಾಕಿದ ಕಾಯ್ದೆ ಇಂದಿಗೂ ಈ ಚರ್ಚೆಯ ತಳಪಾಯ, ಇಷ್ಟಾದರೂ ಚರ್ಚೆ ಮಾಡುವ ಬಹುತೇಕರಿಗೆ ಅದು ಗೊತ್ತಿರುವುದಿಲ್ಲ. ಕಾಗದಪತ್ರ ಇಲ್ಲದವರಿಗೆ ಫುಡ್ ಸ್ಟ್ಯಾಂಪ್, ಅಂದರೆ ಬಡವರಿಗೆ ದಿನಸಿ ಕೊಳ್ಳಲು ಸರ್ಕಾರ ಕೊಡುವ ನೆರವು, ಅದಕ್ಕೂ ಮೊದಲೇ ಇರಲಿಲ್ಲ. ಈ ಕಾಯ್ದೆ ಕೇಂದ್ರದ ಹೆಚ್ಚಿನೆಲ್ಲ ಸವಲತ್ತಿನಿಂದಲೂ ಅವರನ್ನು ಹೊರಗಿಟ್ಟಿತು. ಉಳಿದದ್ದು ತುರ್ತು ಚಿಕಿತ್ಸೆ, ಲಸಿಕೆ, ಶಾಲೆಯ ಊಟ, ವಿಪತ್ತಿನ ನೆರವು ಇಂಥವು ಮಾತ್ರ. ಕಾನೂನುಬದ್ಧವಾಗಿ ಗ್ರೀನ್ ಕಾರ್ಡ್ ಹಿಡಿದು ಬಂದವರೂ ಹೆಚ್ಚಿನ ನೆರವಿಗೆ ಐದು ವರ್ಷ ಕಾಯಬೇಕಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಹಾಗಾದರೆ ಜನ ಕಣ್ಣಾರೆ ನೋಡುತ್ತೇವೆ ಎನ್ನುವುದು ಏನನ್ನು? ಒಂದು, ಅಮೆರಿಕದಲ್ಲೇ ಹುಟ್ಟಿದ ಮಕ್ಕಳಿಗೆ ಬರುವ ಫುಡ್ ಸ್ಟ್ಯಾಂಪು. ಮಗು ನಾಗರಿಕ, ಅಂಗಡಿಯಲ್ಲಿ ಕಾರ್ಡ್ ಉಜ್ಜುವವಳು ಅಮ್ಮ. ಎರಡು, ಶಾಲೆ. ಮೂರು, ಎಮರ್ಜೆನ್ಸಿ ವಾರ್ಡ್. ಈ ಮೂರರಲ್ಲಿ ಶಾಲೆಯ ಹೊರೆ ಬೀಳುವುದು ರಾಜ್ಯದ ಮೇಲೆ, ಊರಿನ ಮೇಲೆ. ಅದೇ ಕೆಲಸಗಾರನ ಸಂಬಳದಿಂದ ಕಡಿದುಕೊಂಡ ತೆರಿಗೆ ಬಹುಪಾಲು ಹೋಗುವುದು ವಾಷಿಂಗ್ಟನ್ನಿಗೆ.

ಅಮೆರಿಕದಲ್ಲಿರುವ ಕನ್ನಡಿಗರು ತಮ್ಮ ಪೇ ಸ್ಲಿಪ್ಪನ್ನೇ ತೆಗೆದು ನೋಡಲಿ. ಪಿಂಚಣಿಗೆಂದು ಹಿಡಿಯುವ ಸೋಷಿಯಲ್ ಸೆಕ್ಯುರಿಟಿ 6.2 ಶೇಕಡ, ವಯಸ್ಸಾದವರ ಆರೋಗ್ಯ ವಿಮೆಯಾದ ಮೆಡಿಕೇರ್ 1.45 ಶೇಕಡ. ಬೇರೆಯವರ ಅಥವಾ ಇಲ್ಲದ ನಂಬರು ಕೊಟ್ಟು ಕೋಳಿ ಕತ್ತರಿಸುವ ಕಾರ್ಖಾನೆಗೆ ಸೇರಿದವನ ಸ್ಲಿಪ್ಪಿನಲ್ಲೂ ಇದೇ ಎರಡು ಸಾಲು. ಹೆಸರಿಗೂ ನಂಬರಿಗೂ ತಾಳೆಯಾಗದ ಆ ಸಂಬಳದ ದಾಖಲೆಗಳೆಲ್ಲ ಸಸ್ಪೆನ್ಸ್ ಫೈಲ್ ಎಂಬ ಖಾತೆಗೆ ಬೀಳುತ್ತವೆ, ಅದರ ಮೇಲೆ ಅವನಿಗೆ ಪಿಂಚಣಿ ಸಾಮಾನ್ಯವಾಗಿ ಸಿಗದು. 2010ರ ಒಂದೇ ವರ್ಷದಲ್ಲಿ ಇಂಥವರಿಂದ ಪಿಂಚಣಿ ನಿಧಿಗೆ ನಿವ್ವಳ 1,200 ಕೋಟಿ ಡಾಲರ್ ಬಂತು ಎಂದು ಆ ಇಲಾಖೆಯ ಲೆಕ್ಕತಜ್ಞರೇ ಅಂದಾಜಿಸಿದ್ದಾರೆ. ಇನ್ನೊಂದು ಮಗ್ಗುಲನ್ನೂ ಮುಚ್ಚಿಡಬಾರದು. ವಲಸೆ ಬಂದ ಮೊದಲ ತಲೆಮಾರು, ಮುಖ್ಯವಾಗಿ ಮಕ್ಕಳ ಶಾಲೆಯ ಖರ್ಚಿನಿಂದಾಗಿ, ರಾಜ್ಯ ಮತ್ತು ಸ್ಥಳೀಯ ಬೊಕ್ಕಸಕ್ಕೆ ಹೊರೆಯೇ ಎಂದು ಅಮೆರಿಕದ ರಾಷ್ಟ್ರೀಯ ಅಕಾಡೆಮಿಗಳ 2016ರ ವರದಿ ಹೇಳುತ್ತದೆ. ಹಾಗೆ ಓದಿದ ಮಕ್ಕಳೇ ದೊಡ್ಡವರಾಗಿ ಎಲ್ಲರಿಗಿಂತ ಹೆಚ್ಚು ತೆರಿಗೆ ತುಂಬುತ್ತಾರೆ ಎಂಬುದೂ ಅದೇ ವರದಿಯಲ್ಲಿದೆ.

ನಮ್ಮವರ ನೋವು ಬೇರೆ ಥರದ್ದು. ಎಚ್-1ಬಿ ವೀಸಾದಲ್ಲಿ ಹದಿನೈದು ವರ್ಷ ತೆರಿಗೆ ಕಟ್ಟಿದರೂ, ದೇಶವೊಂದಕ್ಕೆ 7 ಶೇಕಡ ಎಂಬ ಮಿತಿಯಿಂದ ಗ್ರೀನ್ ಕಾರ್ಡ್ ಕೈಗೆ ಬಂದಿರುವುದಿಲ್ಲ. ಹತ್ತು ವರ್ಷ ತುಂಬುವ ಮೊದಲೇ ಬೆಂಗಳೂರಿಗೆ ವಾಪಸಾದವರಿಗೆ ಕಟ್ಟಿದ ಸೋಷಿಯಲ್ ಸೆಕ್ಯುರಿಟಿಯೂ ದಕ್ಕುವುದಿಲ್ಲ, ಎರಡು ದೇಶಗಳ ನಡುವೆ ಅದಕ್ಕೆ ಒಪ್ಪಂದವೇ ಇಲ್ಲ. "ನಾವು ಲೈನಲ್ಲಿ ನಿಂತವರು, ಅವರು ಬೇಲಿ ಹಾರಿದವರು" ಎಂಬ ಮಾತು ಅಲ್ಲಿನ ಕನ್ನಡಿಗರ ಮನೆಗಳಲ್ಲಿ ಕೇಳಿಬರುವುದು ಸಹಜ. ಆದರೆ 2025ರ ಜನವರಿ 20ರಂದು ಟ್ರಂಪ್ ಹೊರಡಿಸಿದ, ಜನ್ಮಸಿದ್ಧ ಪೌರತ್ವವನ್ನು ನಿರಾಕರಿಸುವ ಆದೇಶ ಲೈನಲ್ಲಿ ನಿಂತ ಎಚ್-1ಬಿ ದಂಪತಿಯ ಮಗುವನ್ನೂ ಬೇಲಿ ಹಾರಿದವರ ಮಗುವಿನ ಜೊತೆಗೇ ಸೇರಿಸಿತ್ತು. ಕೆಳ ನ್ಯಾಯಾಲಯಗಳು ತಡೆದಿದ್ದರಿಂದ ಅದು ಆಗ ಜಾರಿಯಾಗಲಿಲ್ಲ.

2022ರಿಂದ ಈಚೆಗೆ ಸಿಟ್ಟು ಹೊಸ ರೂಪ ತಾಳಿತು. ಆಶ್ರಯ ಕೋರಿ ಬಂದ ಎರಡು ಲಕ್ಷಕ್ಕೂ ಹೆಚ್ಚು ಜನ ನ್ಯೂಯಾರ್ಕ್ ಸೇರಿದರು. ಸೂರಿಲ್ಲದವರಿಗೆ ನಗರ ಸೂರು ಕೊಡಬೇಕು ಎಂಬ 1981ರ ನ್ಯಾಯಾಲಯದ ಒಪ್ಪಂದದಿಂದಾಗಿ ಅವರಿಗೆ ಹೋಟೆಲುಗಳಲ್ಲಿ ಜಾಗ ಸಿಕ್ಕಿತು. ಶಿಕಾಗೊದ ವುಡ್‌ಲಾನ್ ಎಂಬ ಕಪ್ಪು ಜನರ ಬಡಾವಣೆಯಲ್ಲಿ ನಡೆದದ್ದು ನನಗೆ ಇನ್ನೂ ಹೆಚ್ಚು ಕಾಡುತ್ತದೆ. 2013ರಲ್ಲಿ ನಗರ ಬಾಗಿಲು ಹಾಕಿದ್ದ ಅಲ್ಲಿನ ಒಂದು ಶಾಲೆಯನ್ನು 2023ರಲ್ಲಿ ವಲಸಿಗರ ವಸತಿಗೆಂದು ತೆರೆದರು. ಹತ್ತು ವರ್ಷ ತಮ್ಮ ಮಕ್ಕಳಿಗೆ ತೆರೆಯದ ಬಾಗಿಲು ಈಗ ತೆರೆದದ್ದನ್ನು ನೋಡಿ ಆ ಬೀದಿಯವರು ರೇಗಿದರೆ, ಅವರನ್ನು ಸಣ್ಣ ಮನಸ್ಸಿನವರು ಎನ್ನಲು ನನ್ನಿಂದಾಗದು.

1994ರಲ್ಲಿ ಬಾಗಿಲು ಹಾಕಲು ಹೊರಟಿದ್ದ ಕ್ಯಾಲಿಫೋರ್ನಿಯಾ, 2016ರಲ್ಲಿ ಮಕ್ಕಳಿಂದ ಶುರುಮಾಡಿ 2024ರ ಜನವರಿಗೆ ಎಲ್ಲ ವಯಸ್ಸಿನ ಬಡವರಿಗೂ, ಕಾಗದಪತ್ರ ಕೇಳದೆ, ತನ್ನ ಆರೋಗ್ಯ ಯೋಜನೆ ಮೆಡಿ-ಕ್ಯಾಲನ್ನು ವಿಸ್ತರಿಸಿತು. ಹಾಗೆ ಸೇರಿದವರು ಸುಮಾರು 16 ಲಕ್ಷ. ಖರ್ಚು ಅಂದಾಜು ಮೀರಿತು, ಬಜೆಟ್ಟಿನಲ್ಲಿ ಕೊರತೆ ಬಿತ್ತು. 2026ರ ಜನವರಿಯಿಂದ ಕಾಗದಪತ್ರ ಇಲ್ಲದ ವಯಸ್ಕರನ್ನು ಹೊಸದಾಗಿ ಸೇರಿಸಿಕೊಳ್ಳುವುದು ಬೇಡ ಎಂದು 2025ರಲ್ಲಿ ರಾಜ್ಯ ತೀರ್ಮಾನಿಸಿತು. 1986ರ ಕಾನೂನಿನಂತೆ ಎಮರ್ಜೆನ್ಸಿ ವಾರ್ಡಿನ ಬಾಗಿಲಂತೂ ತೆರೆದೇ ಇದೆ. ಸಕ್ಕರೆ ಕಾಯಿಲೆಗೆ ತಿಂಗಳ ಮಾತ್ರೆ ಸಿಗದ ತೋಟದ ಆಳು, ಕಾಲು ಕೊಳೆತ ಮೇಲೆ ಆ ಬಾಗಿಲಿಗೇ ಬರುತ್ತಾನೆ. ಬಿಲ್ಲು ಊರಿನ ಆಸ್ಪತ್ರೆಗೆ.